ಹಗೇವಿನ ಗಾಳಿ, ಒಂಬತ್ತನೆಯ ಸೂಚನೆ

ಮರಿಯಪ್ಪನ ಕೈಕೆಳಗೆ ಒಬ್ಬನೂ ಉಸಿರುಗಟ್ಟಿ ಸಾಯಲಿಲ್ಲ ಎಂದು ಗ್ಯಾಂಗಿಗೆ ಹೊಸದಾಗಿ ಸೇರಿದವರು ಹೇಳಿಕೊಳ್ಳುತ್ತಾರಂತೆ. ಆ ಮರಿಯಪ್ಪ ನಾನೇ. ಮಾತು ನಿಜ. ಆದರೆ ಒಬ್ಬ ಸಾಯುವುದರಲ್ಲಿದ್ದ. ಅವನು ನನ್ನ ಸ್ವಂತ ತಮ್ಮ ಬೋರ. ಅವನನ್ನು ಆ ಸ್ಥಿತಿಗೆ ತಂದವನು ನಾನು. ತಪ್ಪು ಹೊತ್ತುಕೊಂಡವನು ಚನ್ನಪಟ್ಟಣದ ಒಬ್ಬ ಬೊಂಬೆ ಕೆಲಸಗಾರ. ನೀವೆಲ್ಲ ಇವತ್ತಿಗೂ ಬಾಯಿಪಾಠ ಮಾಡುವ ಸೂಚನೆಗಳ ಹಾಳೆಯಲ್ಲಿ ಒಂಬತ್ತನೆಯದು ನನ್ನ ಸುಳ್ಳಿನಿಂದ ಹುಟ್ಟಿದ್ದು. ಅದನ್ನು ಹೊಡೆದುಹಾಕಿಸಬೇಕು, ಆ ಮನುಷ್ಯನ ಹೆಸರು ತೊಳೆಯಬೇಕು ಎಂದೇ ಈಗ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೆಯ ತರಗತಿ. ನನ್ನ ಕಾಗುಣಿತವನ್ನು ಬೋರನ ಮಗಳು ತಿದ್ದಿದ್ದಾಳೆ. ಅವಳು ಸ್ಕೂಲಿನ ಉಪಾಧ್ಯಾಯಿನಿ. ತಿದ್ದುವಾಗ ಒಂದೆರಡು ಕಡೆ ನಕ್ಕಳು, ಒಂದು ಕಡೆ ಎದ್ದು ಹೋದಳು.

ಹಗೇವು ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಪೇಟೆಯಿಂದ ಬಂದವರು ಇರಬಹುದು. ಗಟ್ಟಿ ನೆಲದಲ್ಲಿ ತೋಡಿದ ರಾಗಿಯ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಎತ್ತಿನ ಜೋಡಿ ನಿಲ್ಲುವಷ್ಟು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ಹತ್ತು ವರ್ಷವಾದರೂ ರಾಗಿಗೆ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ ಎಂಬುದರಲ್ಲೇ ನಮ್ಮ ಕಸುಬೆಲ್ಲ ಅಡಗಿದೆ. ಮುಚ್ಚಿದ ಗುಂಡಿಯಲ್ಲಿ ರಾಗಿ ತಾನೇ ಉಸಿರಾಡಿ ಇದ್ದ ಒಳ್ಳೆಯ ಗಾಳಿಯನ್ನೆಲ್ಲ ಮುಗಿಸಿಬಿಡುತ್ತದೆ. ಉಳಿಯುವುದು ಬಿಟ್ಟ ಉಸಿರು. ಅದರಲ್ಲಿ ಹುಳ ಬದುಕದು, ಮನುಷ್ಯನೂ ಬದುಕಲಾರ. ಪ್ಲೇಗಿನಲ್ಲಿ ಊರು ಬಿಟ್ಟು ಹೋದವರು ಹಿಂತಿರುಗಿ ಬಂದು ಹಸಿವಿನ ಅವಸರದಲ್ಲಿ ಹಗೇವಿಗೆ ಧುಮುಕಿ ಸತ್ತದ್ದು ಒಂದೆರಡು ಕಡೆಯಲ್ಲ. ತಂದೆ ಇಳಿದು ಬಿದ್ದ, ಎತ್ತಲು ಮಗ ಇಳಿದು ಬಿದ್ದ, ಇಬ್ಬರನ್ನೂ ನೋಡಲು ಅಳಿಯ ಇಳಿದ. ಹೀಗಾಗಬಾರದೆಂದು ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿಗಳಿಗೆ ಸೇರಿಸಿ ಹಗೇವು ತೆರೆಯುವ ನಮ್ಮ ಸರ್ಕಾರಿ ಗ್ಯಾಂಗು ಹುಟ್ಟಿತು.

ಗ್ಯಾಂಗು ಎಂದರೆ ಮೊದಲಿಗೆ ನಾನು, ಬೋರ ಮತ್ತು ಓವರ್‌ಸಿಯರ್ ನರಸಿಂಗರಾಯರು. ಮೇಲೊಬ್ಬ, ಕೆಳಗೊಬ್ಬ, ಬೈಸಿಕಲ್ಲಿನ ಮೇಲೊಬ್ಬ.

ಕೆಳಗೆ ಯಾರು ಇಳಿಯಬೇಕೆಂದು ರಾಯರು ಮೊದಲ ದಿನ ಕೇಳಿದರು. ನಾನು ಅಣ್ಣ, ನಾನೇ ಇಳಿಯಬೇಕಾಗಿತ್ತು. ಆದರೆ ಕತ್ತಲ ಇಕ್ಕಟ್ಟು ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ನಮ್ಮ ಮನೆಯ ಅಟ್ಟಕ್ಕೂ ನಾನು ಹತ್ತುತ್ತಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಗಿ, "ಮೇಲಿರೋನಿಗೆ ಓದು ಬರಬೇಕು ಸ್ವಾಮಿ. ನಂಗೆ ಮೂರನೇ ಕ್ಲಾಸಾಗೈತೆ" ಎಂದೆ. ರಾಯರು ಬೋರನ ಕಡೆ ನೋಡಿದರು. ಬೋರ, "ನಮ್ಮಣ್ಣ ಕಾಗದ ಓದ್ತಾನೆ ಸ್ವಾಮಿ. ಒಸಿ ನಿಧಾನ, ಆದ್ರೆ ಬುಡಾಕಿಲ್ಲ" ಎಂದು ಹೆಮ್ಮೆಯಿಂದ ಹೇಳಿ ಪಂಚೆ ಎತ್ತಿ ಕಟ್ಟಿದ. ಅವತ್ತಿನಿಂದ ಇಪ್ಪತ್ತೆಂಟು ವರ್ಷ ಅವನು ಕೆಳಗೆ, ನಾನು ಮೇಲೆ.

ಮೊದಮೊದಲು ನಮ್ಮಲ್ಲಿ ಇದ್ದದ್ದು ದೀಪ ಮತ್ತು ಕೋಳಿ. ದೀಪವನ್ನು ಹಗ್ಗದಲ್ಲಿ ಇಳಿಸಬೇಕು. ಆರಿದರೆ ಗಾಳಿ ಕೆಟ್ಟಿದೆ. ಆರದಿದ್ದರೆ ಒಳ್ಳೆಯದು ಎಂದು ಊರವರ ನಂಬಿಕೆ. ರಾಯರು ಅದಕ್ಕೆ ಒಪ್ಪುತ್ತಿರಲಿಲ್ಲ. "ದೀಪಕ್ಕೆ ಸಾಕಾಗೋ ಗಾಳಿ ಬೇರೆ, ಮನುಷ್ಯನಿಗೆ ಸಾಕಾಗೋ ಗಾಳಿ ಬೇರೆ. ದೀಪಕ್ಕೆ ತಲೆನೋವು ಬರೋದಿಲ್ಲವಲ್ಲ" ಎನ್ನುತ್ತಿದ್ದರು. ಅದಕ್ಕೇ ಕೋಳಿ. ಕೋಳಿ ನಮಗಿಂತ ಬೇಗಬೇಗ ಉಸಿರಾಡುವ ಜೀವ, ಕೆಟ್ಟ ಗಾಳಿ ಅದಕ್ಕೆ ಮೊದಲು ತಾಗುತ್ತದೆ. ಕೋಳಿಯನ್ನು ಕೊಡಬೇಕಾದವರು ಊರಿನವರು. ಸತ್ತರೆ ಅದು ಪರೀಕ್ಷೆ ಮಾಡಿದವರಿಗೆ, ಅಂದರೆ ನಮಗೆ. ಹೀಗಾಗಿ ಯಾವ ಊರಿಗೆ ಹೋದರೂ ಅಲ್ಲಿನ ಹೆಂಗಸರು ತಮ್ಮ ಹಗೇವಿನ ಗಾಳಿ ಬಹಳ ಚೆನ್ನಾಗಿದೆ ಎಂದು ಮೊದಲೇ ಆಣೆ ಇಡುತ್ತಿದ್ದರು. ಕಾನಕಾನಹಳ್ಳಿಯ ಕಡೆ ಒಂದು ಹಾಳುಬಾವಿಗೆ ಇಳಿಸಿದ ಬಿಳಿ ಕೋಳಿ ಬುಟ್ಟಿಯಲ್ಲಿ ಕತ್ತು ಹಾಕಿ ಬಿದ್ದುಕೊಂಡೇ ಮೇಲೆ ಬಂತು. ಸತ್ತಿತೆಂದು ನಾನು ನೀರು ಕಾಯಿಸಲು ಇಟ್ಟೆ. ನೀರಿನ ಸದ್ದಿಗೋ ಏನೋ ಕೋಳಿ ಎದ್ದು, ನನ್ನನ್ನು ಒಮ್ಮೆ ನೋಡಿ, ಒಡತಿಯ ಮನೆಗೆ ನಡೆದುಹೋಯಿತು. "ನಮ್ ಕೋಳಿಗಿರೋ ಬುದ್ಧಿ ಸರ್ಕಾರದೋರ್ಗಿಲ್ಲ" ಎಂದು ಆಕೆ ಊರೆಲ್ಲ ಹೇಳಿಕೊಂಡು ಬಂದಳು.

ಎರಡನೆಯ ವರ್ಷ ರಾಯರಿಗೆ ಒಂದು ಯೋಚನೆ ಬಂತು. ಕೆಟ್ಟ ಗಾಳಿ ಹೋಗಲೆಂದು ಮೂರು ದಿನ ಕಾಯುವ ಬದಲು ಒಳ್ಳೆಯ ಗಾಳಿಯನ್ನೇ ಮನುಷ್ಯನ ಜೊತೆಗೆ ಕಳುಹಿಸಿದರೆ? ಸಮುದ್ರಕ್ಕೆ ಇಳಿಯುವವರು ಹಾಗೆ ಮಾಡುತ್ತಾರೆಂದು ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರ ನೋಡಿದ್ದರು. ತಾಮ್ರದ ತಪ್ಪಲೆಯೊಂದನ್ನು ಬೋರಲು ಹಾಕಿ, ಮುಂದೆ ಲಾಟೀನಿನ ಗಾಜು ಕೂರಿಸಿ ಟೋಪಿ ಮಾಡಿಸಿದರು. ಮೇಕೆ ಚರ್ಮದ ಅಂಗಿ. ಟೋಪಿಗೆ ಒಂದು ಚರ್ಮದ ಕೊಳವೆ. ಕೊಳವೆಯ ಇನ್ನೊಂದು ತುದಿಗೆ ಕಮ್ಮಾರನ ಜೋಡಿ ತಿದಿ. ಎರಡು ಕೈಯಲ್ಲಿ ಒಂದಾದಮೇಲೊಂದು ಒತ್ತುತ್ತ ಇರುವುದು ನನ್ನ ಕೆಲಸ.

ಟೋಪಿಯನ್ನೂ ಅಂಗಿಯನ್ನೂ ಕತ್ತಿನಲ್ಲಿ ಸೇರಿಸುವುದೇ ಕಷ್ಟವಾಯಿತು. ಬಟ್ಟೆ ಸುತ್ತಿದರೆ ಗಾಳಿ ಸೋರುತ್ತಿತ್ತು, ಚರ್ಮ ಬಿಗಿದರೆ ಬೋರನ ಕಣ್ಣು ಮೇಲಾಗುತ್ತಿತ್ತು. ಆಗ ಬೋರನೇ, "ಹುಸೇನ್ನ ಕೇಳಾನ" ಎಂದ. ಹುಸೇನ್ ಸಾಬರು ಚನ್ನಪಟ್ಟಣದಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಕೂರಿಸಿ ಬೊಂಬೆ ಮಾಡುವವರು, ಬೋರನ ಜೀವದ ಗೆಳೆಯರು. ಅವರು ಬೋರನ ಕತ್ತನ್ನು ಗೇಣಿನಲ್ಲಿ ಅಳೆದು, ಒಂದರೊಳಗೊಂದು ತಿರುಗಿ ಕೂರುವ ಎರಡು ಮರದ ಬಳೆ ಕಡೆದು, ಅರಗು ಹಚ್ಚಿ ತಾಳೆಗರಿಯಲ್ಲಿ ಉಜ್ಜಿ ಕೊಟ್ಟರು. ಕೆಂಪು ಒಂದು, ಹಳದಿ ಒಂದು. ಉಸಿರಿನ ತೇವಕ್ಕೆ ಮರ ಊದಲಿಲ್ಲ, ಕತ್ತು ಉಜ್ಜಲಿಲ್ಲ, ಒಂದು ಕೂದಲಷ್ಟು ಗಾಳಿ ಸೋರಲಿಲ್ಲ. "ಬೋರಣ್ಣ, ಮದುಮಗ ಆಗ್ಬಿಟ್ಯಲ್ಲ" ಎಂದು ಸಾಬರು ಚಪ್ಪಾಳೆ ತಟ್ಟಿದರು. ಬೋರ ತಪ್ಪಲೆಯೊಳಗಿನಿಂದ ಏನೋ ಬೈದ. ಕೇಳಿಸಲಿಲ್ಲ.

ಇನ್ನು ನಾವು ಕಲಿತದ್ದೆಲ್ಲ ಬೋರನ ಮೈಮೇಲೆ.

ಮೊದಲ ಸಲ ರಾಯರು, "ಗಾಳಿ ಧಾರಾಳವಾಗಿ ಹೋಗಲಿ" ಎಂದರು. ನಾನು ತಮ್ಮನ ಮೇಲಿನ ಪ್ರೀತಿಯಿಂದ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಿದಿ ಒತ್ತಿದೆ. ಅಂಗಿಯ ಮುಂಗೈಯನ್ನು ದಾರದಿಂದ ಬಿಗಿಯಾಗಿ ಕಟ್ಟಿದ್ದೆವು. ಗಾಳಿ ಹೋಗಲು ದಾರಿಯಿಲ್ಲ. ಬೋರ ನಮ್ಮ ಕಣ್ಣೆದುರಿಗೇ ಊದತೊಡಗಿದ. ಕೈಗಳು ಎರಡೂ ಕಡೆ ನೆಟ್ಟಗೆ ಚಾಚಿಕೊಂಡವು. ಮಡಚಲು ಬಾರದು, ಬಗ್ಗಲು ಬಾರದು. ಹಗೇವಿನ ಬಾಯಲ್ಲಿ ಅರ್ಧ ಇಳಿದವನು ಸೀಸೆಗೆ ಬಿರಡೆ ಹಾಕಿದಂತೆ ಸಿಕ್ಕಿಕೊಂಡ. ನಾಲ್ಕು ಜನ ಎಳೆದರೂ ಬರಲಿಲ್ಲ. ಕೊನೆಗೆ ರಾಯರು ಕೂಗಿದರು, "ಒತ್ತೋದು ನಿಲ್ಲಿಸೋ, ಸೀಳಿಹೋಗ್ತಾನೆ!" ಅಂದಿನಿಂದ ಮುಂಗೈಯಲ್ಲಿ ಸಣ್ಣ ಕಿಂಡಿ ಬಿಟ್ಟೆವು. ತಲೆಯಿಂದ ಬಂದ ಗಾಳಿ ಮೈಯೆಲ್ಲ ಸುತ್ತಿ, ಬೆವರು ಆರಿಸಿ, ಕೈಯಲ್ಲಿ ಹೊರಗೆ ಹೋಗಬೇಕು. ಒಳಗಿನ ಗಾಳಿ ಯಾವಾಗಲೂ ಹೊರಕ್ಕೆ ತಳ್ಳುತ್ತಿದ್ದರೆ ಹೊರಗಿನ ಕೆಟ್ಟದ್ದು ಒಳಕ್ಕೆ ಬರದು. ಹೆಚ್ಚಾದರೆ ಕೈಕಾಲು ಮರಗಟ್ಟುತ್ತದೆ. ಹದ ಬೇಕು.

ಹದ ಎಷ್ಟು? ರಾಯರು ಪುಸ್ತಕ ನೋಡಿ ನಿಮಿಷಕ್ಕೆ ಇಷ್ಟು ಸಲ ಒತ್ತಬೇಕೆಂದು ಲೆಕ್ಕ ಹಾಕಿದರು. ಹಾಗೇ ಒತ್ತಿದೆ. ಬೋರ ಮೇಲೆ ಬಂದವನೇ ಟೋಪಿ ಬಿಸುಟು ನಾಯಿಯಂತೆ ತೇಕಿದ. "ಗಾಳಿ ಕೊಡ್ತಿದ್ರಾ, ಸಾಲ ಕೊಡ್ತಿದ್ರಾ?" ಎಂದ. ವಿಚಾರಿಸಿದರೆ ಪುಸ್ತಕದಲ್ಲಿದ್ದದ್ದು ಸುಮ್ಮನೆ ಕೂತಿರುವ ಮನುಷ್ಯನ ಲೆಕ್ಕ. ನಮ್ಮವನು ರಾಗಿ ಮೊಗೆಯುತ್ತಿದ್ದ. ಇದನ್ನು ಮರೆಯಬೇಡಿ. ಕೂತವನ ಗಾಳಿ ಬೇರೆ, ಗುದ್ದಲಿ ಹಿಡಿದವನ ಗಾಳಿ ಬೇರೆ, ಹೆದರಿದವನ ಗಾಳಿ ಇನ್ನೂ ಬೇರೆ. ಹೆದರಿದವನಿಗೆ ಗುದ್ದಲಿಯವನಿಗಿಂತ ಹೆಚ್ಚು ಬೇಕು.

ಇನ್ನೊಂದು ವಿಷಯವನ್ನು ಬೋರ ತಾನಾಗಿ ಕಂಡುಹಿಡಿದ. ಗಾಳಿ ಕಡಿಮೆಯಾದಾಗ ಮೊದಲು ಆಗುವುದು ಗಾಳಿ ಇಲ್ಲ ಎಂಬ ಕಷ್ಟವಲ್ಲ. "ನಾನೇ ಬುಟ್ಟ ಉಸ್ರು ಎಲ್ಲೂ ಓಗ್ದೆ ತಿರುಗಿ ನನ್ ಮೂಗ್ನಾಗೇ ಬಂದು ಕೂತ್ಕತದೆ ಕಣಣ್ಣ. ಎದೆ ಡವಡವ ಅಂತದೆ, ತಲೆ ಸಿಡಿತದೆ. ನೆಂಟ ಬಂದು ವಾಪಸ್ ಓಗ್ದಂಗೆ." ರಾಯರು ಇದನ್ನು ಕೇಳಿ ತಮ್ಮ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಅವರು ತಪ್ಪಲೆಯನ್ನು ಚಿಕ್ಕದು ಮಾಡಿಸಿದರು. ದೊಡ್ಡ ತಪ್ಪಲೆಯಲ್ಲಿ ಹಳೆಯ ಉಸಿರು ಮೂಲೆಯಲ್ಲಿ ನಿಂತುಕೊಳ್ಳುತ್ತಿತ್ತು.

ಕಳುಹಿಸುವ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಮಾಗಡಿಯ ಒಂದು ಹಿತ್ತಲಿನಲ್ಲಿ ಇದನ್ನು ನಾನು ನೋಡಲಿಲ್ಲ. ತಿದಿಯ ಪಕ್ಕದಲ್ಲೇ ಮನೆಯಾಕೆ ನಮಗಾಗಿ ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಹುರಿಯತೊಡಗಿದಳು. ನನಗೆ ಒಂದು ಸೀನು ಬಂತು. ಬೋರನಿಗೆ ಹಗೇವಿನ ತಳದಲ್ಲಿ ಮೂವತ್ತು ಬಂದವು. ಮೂಗು ಒರೆಸಲು ಕೈ ಎತ್ತಿದರೆ ಕೈ ತಾಮ್ರಕ್ಕೆ ಹೊಡೆಯುತ್ತಿತ್ತು. ಕೆಳಗಿನಿಂದ ಢಣ್ ಢಣ್ ಎಂದು ಸದ್ದು ಬರುವುದನ್ನು ಕೇಳಿ ಊರವರು ಹಗೇವಿನಲ್ಲಿ ನಿಧಿ ಸಿಕ್ಕಿತೆಂದು ಓಡಿ ಬಂದರು.

ಹಿತಕಿದ ಅವರೆಯ ಸಂಗತಿಯನ್ನು ಬೋರನ ಮಗಳು ಬರೆಯಬೇಡ ಎಂದಳು. ಬರೆಯುತ್ತೇನೆ, ಕಸುಬಿಗೆ ಬೇಕಾದದ್ದು. ಅವರೆಯ ಕಾಲದಲ್ಲಿ ಬೋರ ಎರಡು ತಟ್ಟೆ ಸಾರು ಉಂಡು ಇಳಿದ. ಮುಚ್ಚಿದ ಅಂಗಿಯಲ್ಲಿ ಮನುಷ್ಯ ಒಬ್ಬನೇ ಇದ್ದರೂ ಅವನ ಹೊಟ್ಟೆಯೂ ಜೊತೆಗಿರುತ್ತದೆ. ಮೂರು ಸಲ ಹಗ್ಗ ಜಗ್ಗಿ ತುರ್ತಾಗಿ ಮೇಲೆ ಬಂದ. ಹಗೇವಿನ ಗಾಳಿ ಇದಕ್ಕಿಂತ ವಾಸಿಯಿತ್ತು ಎಂದು ಹೇಳಿದ. ಕೆಲಸದ ದಿನ ಅವರೆ ಕೂಡದು ಎಂಬ ಏಳನೆಯ ಸೂಚನೆ ಹುಟ್ಟಿದ್ದು ಹೀಗೆ.

ಈ ಸೂಚನೆಗಳನ್ನೆಲ್ಲ ರಾಯರು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದರು. ಆಗ ಇದ್ದದ್ದು ಎಂಟು. ನಾಲ್ಕನೆಯದು: "ತಿದಿಯನ್ನು ಒತ್ತುವವನು ಯಾವ ಕಾರಣಕ್ಕೂ ಕೈ ಬಿಡಕೂಡದು." ಐದನೆಯದು: "ಸನ್ನೆಯ ಹಗ್ಗವನ್ನು ತಿದಿಯವನ ಕಾಲಿಗೆ ಕಟ್ಟಿರತಕ್ಕದ್ದು." ಒಂದು ಜಗ್ಗಿದರೆ ಗಾಳಿ ಹೆಚ್ಚು, ಎರಡು ಜಗ್ಗಿದರೆ ಕಡಿಮೆ, ಮೂರು ಜಗ್ಗಿದರೆ ಮೇಲೆ ಎಳಿ. ಹಾಳೆಯನ್ನು ನಾನೇ ತಿದಿಯ ಪೆಟ್ಟಿಗೆಯ ಮೇಲೆ ಅಂಟಿಸಿದೆ. ಅಚ್ಚಾದ ಹಾಳೆ ನಮ್ಮ ಗ್ಯಾಂಗಿನದು ಎಂದು ನನಗೆ ಬಹಳ ಜಂಬ.

ಈಗ ಕುದೂರಿನ ಕಡೆಯ ಆ ದಿನ.

ಹಳ್ಳಿಯ ಪಟೇಲರ ಹಿತ್ತಲಿನ ಹಗೇವು. ಒಂಬತ್ತು ವರ್ಷ ಮುಚ್ಚಿದ್ದದ್ದು. ದೀಪ ಬಾಯಲ್ಲೇ ಆರಿತು. ರಾಯರು ಮಧ್ಯಾಹ್ನ ಬರುತ್ತೇನೆಂದು ಹೇಳಿ ಕಳುಹಿಸಿದ್ದರು. ನಾವು ಬೆಳಗ್ಗೆಯೇ ಶುರು ಮಾಡಿದೆವು. ಬೋರ ಇಳಿದ. ಒಂದು ಮಂಕರಿ ರಾಗಿ ಮೇಲೆ ಬಂತು. ಇಡೀ ಊರು ಸುತ್ತ ನಿಂತಿತ್ತು.

ಪಟೇಲರು ನನ್ನ ಪೆಟ್ಟಿಗೆಯನ್ನು ನೋಡಿ, "ಅದೇನಪ್ಪ, ಹಾಳೆ ಅಂಟ್ಸೀರಿ?" ಎಂದರು.

"ಸರ್ಕಾರದ್ದು. ಅಚ್ಚಾಕ್ಸಿದ್ದು" ಎಂದೆ.

"ನಿಂಗೆ ಓದಕ್ ಬತ್ತದಾ?"

ಇಂಥ ಪ್ರಶ್ನೆಯನ್ನು ನಲವತ್ತು ಜನರೆದುರಿಗೆ ನನಗೆ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ನಾನು ವರ್ಷಗಟ್ಟಲೆ ಕಾದಿದ್ದೆ. "ಬತ್ತದೆ" ಎಂದೆ.

"ಓದಪ್ಪ ಮತ್ತೆ. ನಾವೂ ಕೇಳಾನ."

ಮೊದಲು ತಿದಿ ಒತ್ತುತ್ತಲೇ ಕತ್ತು ಕೊಂಕಿಸಿ ಓದಿದೆ. ಮೊದಲನೆಯ ಸೂಚನೆ ಮುಗಿಯಿತು. ಅಂಟು ಬಿಟ್ಟು ಹಾಳೆಯ ತುದಿ ಗಾಳಿಗೆ ಪಟಪಟ ಎಂದು ಹಾರುತ್ತಿತ್ತು, ಅಕ್ಷರ ನಿಲ್ಲುತ್ತಿರಲಿಲ್ಲ. ಒಂದು ಸಾಲು ಮಾತ್ರ ಎಂದುಕೊಂಡು ತಿದಿ ಬಿಟ್ಟು ಹಾಳೆ ಕಿತ್ತು ಎರಡು ಕೈಯಲ್ಲಿ ಹಿಡಿದೆ. ಎದ್ದು ನಿಂತು ಓದಿದರೆ ಚೆಂದ ಎನಿಸಿತು. ಎದ್ದೇಳಲು ಕಾಲಿನ ಹಗ್ಗ ತೊಡಕಾಯಿತು. ಬಿಚ್ಚಿ ಪೆಟ್ಟಿಗೆಯ ಕಾಲಿಗೆ ಕಟ್ಟಿದೆ. ತಿದಿಯಿಂದ ಕಳಚಿದ ಕೊಳವೆಯ ಬಾಯಿ ನನ್ನ ಮೊಣಕಾಲ ಹತ್ತಿರ ಸುಮ್ಮನೆ ಬಿದ್ದಿತ್ತು.

ನಾನು ಓದುವುದು ಅಕ್ಷರ ಕೂಡಿಸಿಕೊಂಡು. ತಿ, ದಿ, ಯ, ತಿದಿಯ, ನ್ನು, ತಿದಿಯನ್ನು. ಜನ ಉಸಿರು ಬಿಗಿಹಿಡಿದು ಕೇಳಿದರು. ನಾಲ್ಕನೆಯ ಸೂಚನೆ ಅವರಿಗೆ ಬಹಳ ಹಿಡಿಸಿತು. "ಇನ್ನೊಂದ್ಸಲ ಯೋಳು" ಎಂದರು ಪಟೇಲರು. ಇನ್ನೊಂದು ಸಲ ಹೇಳಿದೆ, ಕೈ ಎತ್ತಿ, ದೊಡ್ಡ ದನಿಯಲ್ಲಿ: "ಯಾವ ಕಾರಣಕ್ಕೂ ಕೈ ಬಿಡಕೂಡದು!"

ಮುಂದೆ ಕೂತಿದ್ದ ಒಬ್ಬ ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು, "ಅಂಗಾರೆ ನೀನ್ಯಾಕಪ್ಪ ಬುಟ್ಟಿದ್ದೀಯೆ?"

ಇಪ್ಪತ್ತು ವರ್ಷವಾಯಿತು. ಆ ಅಜ್ಜಿಯ ಬಾಯಿ ಮಾತ್ರ ಇವತ್ತಿಗೂ ನನಗೆ ಕಾಣುತ್ತದೆ.

ಪೆಟ್ಟಿಗೆಯ ಕಾಲಿಗೆ ಕಟ್ಟಿದ ಹಗ್ಗ ಬಿಗಿದು ಬಿಗಿದು ಗಂಟು ಕಲ್ಲಾಗಿತ್ತು. ಎಷ್ಟು ಸಲ ಜಗ್ಗಿದ್ದನೋ. ಈಗ ಜಗ್ಗುತ್ತಿರಲಿಲ್ಲ. ನಾನು ಕೂಗಿಕೊಂಡೆ. ಆರು ಜನ ಸೊಂಟದ ಹಗ್ಗ ಹಿಡಿದು ಎಳೆದರು. ಬೋರ ಮೂಟೆಯಂತೆ ಬಂದ. ಹಗೇವಿನ ಬಾಯಲ್ಲಿ ಚಪ್ಪಡಿಗೆ ಟೋಪಿ ತಗುಲಿ ಕೆಂಪು ಬಳೆಯ ಅಂಚಿನಿಂದ ಉಗುರಿನಷ್ಟು ಚಕ್ಕೆ ಹಾರಿತು. ತಪ್ಪಲೆ ಕಿತ್ತೆ. ಮುಖ ನೇರಳೆ ಹಣ್ಣಿನ ಬಣ್ಣ. ಬಾಯಿಂದ ಬಾಯಿಗೆ ಊದಿದೆ, ಎದೆ ಒತ್ತಿದೆ, ಕೆನ್ನೆಗೆ ಹೊಡೆದೆ, ಅತ್ತೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅವನ ಎದೆ ಹರಿದ ತಿದಿಯಂತೆ ಒಂದು ಸದ್ದು ಮಾಡಿತು. ಆಮೇಲೆ ಇನ್ನೊಂದು.

ಕಣ್ಣು ಬಿಟ್ಟವನು ಮೊದಲು ಹೇಳಿದ ಮಾತು, "ಸರಸೋತಮ್ಮ ಬಂದಿದ್ಲು ಕಣಣ್ಣ."

ರಾಯರು ಬಂದರು. ಬೈಸಿಕಲ್ಲು ಬಿಸುಟು ಓಡಿ ಬಂದು ಬೋರನ ನಾಡಿ ನೋಡಿ, ನನ್ನ ಕಡೆ ತಿರುಗಿ, "ಏನಾಯ್ತೋ?" ಎಂದರು. ನನ್ನ ಕಣ್ಣು ಆ ಚಕ್ಕೆ ಹೋದ ಬಳೆಯ ಮೇಲೆ ಬಿತ್ತು.

"ಬಳೆ ಒಡೀತು ಸ್ವಾಮಿ" ಎಂದೆ.

ಮೂರೇ ಮಾತು. ಪಟೇಲರು ನಿಜ ಹೇಳಿಬಿಡುತ್ತಾರೆಂದು ಹೆದರಿದ್ದೆ. ಅವರು ಮುಂದೆ ಬಂದು, "ನಿಮ್ಮ ಮರಿಯಪ್ಪ ಭಾಳ ಚೆಂದಾಗಿ ಓದಿದ ಸ್ವಾಮಿ" ಎಂದರು. ಬೋರ ಇಳಿಯುವ ಮೊದಲು ನಾನು ಅವನಿಗೆ ಸೂಚನೆಗಳನ್ನು ಓದಿ ಹೇಳಿದೆನೆಂದು ರಾಯರು ತಿಳಿದು ನನ್ನ ಬೆನ್ನು ತಟ್ಟಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಹುಸೇನ್ ಸಾಬರನ್ನು ಕರೆಸಿದರು. ಅವರು ಬಳೆಯನ್ನು ತಿರುಗಿಸಿ ನೋಡಿದರು, ಚಕ್ಕೆ ಹೋದಲ್ಲಿ ಹೆಬ್ಬೆರಳು ಆಡಿಸಿದರು, ಮೂಸಿದರು. ವಾದ ಮಾಡಲಿ, ನನ್ನನ್ನು ಬೈಯಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು, "ನಂ ಕೈದೇ ತಪ್ಪಿರ್ಬೇಕು ಸಾಬ್. ಜಾನ್ ವಿಚಾರ ಇದು, ಜೀವದ್ದು. ಮರಿಯಣ್ಣ ಸುಳ್ಳ್ಯಾಕೆ ಹೇಳ್ತಾರೆ?" ಎಂದರು. ಒಂದು ವಾರದಲ್ಲಿ ಹಾಳೆಗೆ ಒಂಬತ್ತನೆಯ ಸೂಚನೆ ಸೇರಿತು: "ಅರಗು ಹಚ್ಚಿದ ಮರದ ಬಳೆಯನ್ನು ಉಪಯೋಗಿಸಕೂಡದು." ಹಿತ್ತಾಳೆಯ ಬಳೆ ಬಂತು.

ಆ ದಿನದಿಂದ ನಾನು ತಿದಿ ಬಿಟ್ಟವನಲ್ಲ. ಚೇಳು ಕುಟುಕಿದಾಗಲೂ ಬಿಡಲಿಲ್ಲ. ಅದಕ್ಕೇ ನಿಮ್ಮಲ್ಲಿ ನನಗೆ ಇಷ್ಟು ಹೆಸರು. ಬೋರ ಹುಸೇನ್ ಸಾಬರ ಜೊತೆ ಮಾತು ಬಿಟ್ಟ. ಅವರು ಅವನ ಮಗಳಿಗೆ ಕೊಟ್ಟಿದ್ದ ಅರಗಿನ ಕುದುರೆಯನ್ನು ಅವರ ಬಾಗಿಲಲ್ಲಿಟ್ಟು ಬಂದ. ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಇಬ್ಬರೂ ಎದುರಾದರೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಒಬ್ಬ ಮೈಸೂರಿನ ಕಡೆ, ಒಬ್ಬ ಬೆಂಗಳೂರಿನ ಕಡೆ ನೋಡುತ್ತಿದ್ದರು. ಬರಬೇಕಾದ ರೈಲು ಇಬ್ಬರಿಗೂ ಒಂದೇ.

ಸರಸ್ವತಿಯ ಕಥೆಯನ್ನಂತೂ ಬೋರ ಕಂಡವರಿಗೆಲ್ಲ ಹೇಳಿದ. ಸಾಯುವ ಹೊತ್ತಿನಲ್ಲಿ ತಾಯಿ ಆಕಾಶದಿಂದ ತನಗೆ ಅಕ್ಷರ ಹೇಳಿಕೊಟ್ಟಳು, ತಾನು ಓದದವನೆಂದು ಬಿಡಿಸಿ ಬಿಡಿಸಿ ಹೇಳಿದಳು ಎಂದು. ಹೆಣ್ಣುಮಕ್ಕಳನ್ನು ಓದಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವನು ಆ ವರ್ಷವೇ ಮಗಳ ಕೈ ಹಿಡಿದು ಸ್ಕೂಲಿಗೆ ಸೇರಿಸಿದ. ಪ್ರತಿ ವರ್ಷ ಸ್ಲೇಟಿಗೆ ಕುಂಕುಮ ಇಟ್ಟು ಅಡ್ಡಬೀಳುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಮಂಗಳಾರತಿ ತಗೊಳ್ಳುತ್ತಿದ್ದೆ.

ಪಿಂಚಣಿಯಾದ ಮೇಲೆ ಕ್ಲೋಸ್‌ಪೇಟೆಯ ಸಂತೆಯಲ್ಲಿ ನಿಮ್ಮವನೇ ಒಬ್ಬ ಸಿಕ್ಕಿದ. ಕತ್ತಿನ ಸುತ್ತ ಹಿತ್ತಾಳೆಯ ಹಸಿರು ಕಲೆ, ಅದರೊಳಗೆ ಹುಣ್ಣು. ಬಳೆ ಸೋರುತ್ತದೆಂದು ಚಿಂದಿ ತುರುಕುತ್ತಾರಂತೆ, ಆದರೂ ಗಾಳಿ ಕತ್ತಿನಲ್ಲೇ ಹೋಗಿ ಮೈ ಬೇಯುತ್ತದಂತೆ. "ಮರದ ಬಳೆ ಹಾಕಬಾರದೇನಯ್ಯಾ?" ಎಂದೆ. ಅವನು ಕೈಕಟ್ಟಿ ನಿಂತು ಒಂಬತ್ತನೆಯ ಸೂಚನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಆಮೇಲೆ, "ನಿಮ್ಮ ತಮ್ಮನ್ ಜೀವ ಓಗ್ತಿತ್ತಂತಲ್ಲ ಯಜಮಾನ್ರೆ" ಎಂದು ಮರುಗಿದ.

ಅಲ್ಲಿಂದ ನೇರ ಬೋರನ ಮನೆಗೆ ನಡೆದೆ. ಅವನು ಹಣ್ಣಾದ ರೇಷ್ಮೆ ಹುಳಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತ ಕೂತಿದ್ದ.

"ಆವತ್ತು ಬಳೆ ಒಡೆದಿರ್ಲಿಲ್ಲ ಕಣೋ ಬೋರ. ನಾನು ತಿದಿ ಬುಟ್ಟಿದ್ದೆ" ಎಂದೆ.

ಅವನು ಹುಳವನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಯಾಕೆ?"

"ಓದ್ತಿದ್ದೆ."

"ಏನ?"

"ತಿದಿ ಬುಡಬಾರ್ದು ಅಂತ."

ಅವನು ಹುಳವನ್ನು ಮೆಲ್ಲಗೆ ಚಂದ್ರಿಕೆಯ ಮೇಲೆ ಬಿಟ್ಟ. "ಅಂಗಾರೆ ಸರಸೋತಿ?"

"ನಾನೇ. ಕೊಳ್ವೆ ಬಾಯಿ ನನ್ ಕಾಲ್ ತಾವಿತ್ತು."

"ಥೂ" ಎಂದ. ಕೈ ಒರೆಸಿಕೊಂಡು, "ತಾಯಿ ಯಾಕಿಂಗೆ ತೊದುಲ್ತಾಳೆ ಅಂತ ನಂಗಾವತ್ತೇ ಅನುಮಾನ ಬಂದಿತ್ತು" ಎಂದ. ನಗುತ್ತಾನೇನೋ ಎಂದು ನೋಡಿದೆ. ನಗಲಿಲ್ಲ. "ಸಾಯಂಗಾಗಿದ್ದು ಓಗ್ಲಿ ಬುಡು. ಸಾಯ್ಲಿಲ್ವಲ್ಲ. ಇಪ್ಪತ್ತು ವರ್ಸ ಹುಸೇನನ ಮೊಕ ನೋಡ್ದಂಗೆ ಮಾಡ್ಬುಟ್ಯಲ್ಲಣ್ಣ. ಅವ್ನ ಮಗನ ಮದ್ವೆಗೆ ಕರೆಯಕ್ ಬಂದಾಗ ನಾನು ಬಾಗ್ಲಾಕ್ಕಂಡೆ ಕಣೋ." ಎದ್ದು ಅಂಗವಸ್ತ್ರ ಕೊಡವಿದ. "ಏಳು. ರೈಲ್ ಐತೆ."

ರೈಲಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ.

ಹುಸೇನ್ ಸಾಬರ ಅಂಗಡಿಯ ಮುಂದೆ ಬೋರ ರಸ್ತೆಯಲ್ಲೇ ನಿಂತುಬಿಟ್ಟ. ನಾನೊಬ್ಬನೇ ಒಳಗೆ ಹೋದೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕಕ್ಕೆ ದಾರ ಕಟ್ಟಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹಾಳೆ, ಪಟೇಲರು, ಅಜ್ಜಿ, ಬಳೆ. ಅವರು ಉಳಿ ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಎದ್ದು ಗೂಡಿನಿಂದ ಒಂದು ಗೋಣಿಚೀಲ ಎಳೆದು ನೆಲಕ್ಕೆ ಸುರಿದರು.

ಬಳೆಗಳು. ಕೆಂಪು, ಹಳದಿ, ಹಸಿರು. ಎಲ್ಲವೂ ಬೋರನ ಕತ್ತಿನ ಅಳತೆ.

"ಈ ಬಳೆಗೆ ಮರ ಬೇರೆ ಹಾಕ್ದೆ, ಇದಕ್ಕೆ ಅರಗು ಬೇರೆ. ಇದು ನೀರ್ನಾಗೆ ನೆನೆಸಿ ಒಣಗಿಸಿದ್ದು. ಇದು ಬಂಡೆ ಮೇಲಿಂದ ಎಸ್ದಿದ್ದು. ಎಲ್ಲಿ ತಪ್ಪಾಯ್ತು ಅಂತ ನೋಡ್ತಾನೇ ಇದ್ದೆ ಮರಿಯಣ್ಣ. ಒಂದೂ ಒಡೀಲಿಲ್ಲ. ಒಡೆದಿದ್ರೆ ನೆಮ್ಮದಿ ಇರ್ತಿತ್ತು."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದೆ ಎಳೆದುಕೊಂಡರು. ಬಾಗಿಲ ಕಡೆ ನೋಡಿ ಕೂಗಿದರು, "ಅರೆ ಬೋರಣ್ಣ, ಬೆಳಕಿಗೆ ಅಡ್ಡ ನಿಂತ್ಕಂಡಿದ್ದೀಯ. ಒಳಗಾರ ಬಾ, ಹೊರಗಾರ ಹೋಗು."

ಬೋರ ಒಳಗೆ ಬಂದ. ಬಳೆಗಳ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದನ್ನು ಎತ್ತಿ ಕತ್ತಿಗೆ ಹಾಕಿಕೊಂಡ. ಸಿಕ್ಕಿಕೊಂಡಿತು. ವಯಸ್ಸಾಗಿ ಅವನ ಕತ್ತು ದಪ್ಪವಾಗಿತ್ತು. ತೆಗೆಯಲು ಬಾರದೆ ಒದ್ದಾಡುವವನನ್ನು ಸಾಬರು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದರು. ಇಬ್ಬರೂ 'ತಪ್ಪಾಯಿತು' ಎನ್ನಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ. ಸಾಬರು ಅವನ ಕತ್ತನ್ನು ಗೇಣು ಹಾಕಿ ಹೊಸದಾಗಿ ಅಳೆದರು. ಅಷ್ಟೇ.

ಆಮೇಲೆ ನನ್ನ ಕಡೆ ತಿರುಗಿದರು. ಅವರ ಕಡಚಲಿನ ಮರ ತಿರುಗುವುದು ಬಿಲ್ಲಿನಂಥ ಕಮಾನನ್ನು ಹಿಂದೆ ಮುಂದೆ ಎಳೆಯುವುದರಿಂದ. ಅದನ್ನು ನನ್ನ ಕೈಗೆ ಕೊಟ್ಟು, "ಕೂತ್ಕೊ ಮರಿಯಣ್ಣ. ಎಳಿ. ನಾನು ಸಾಕು ಅನ್ನೋತನಕ ಬಿಡಬೇಡ" ಎಂದರು.

ಅವತ್ತಿನಿಂದ ದಿನವೂ ಬೆಳಗಿನ ರೈಲಿಗೆ ಚನ್ನಪಟ್ಟಣಕ್ಕೆ ಬರುತ್ತೇನೆ. ನಾನು ಕಮಾನು ಎಳೆಯುತ್ತೇನೆ, ಅವರು ಕಡೆಯುತ್ತಾರೆ, ಬೋರ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತ ನನ್ನ ಎಳೆತದ ಹದ ಸರಿಯಿಲ್ಲ ಎನ್ನುತ್ತಾನೆ. ಹದಿನಾರು ಜೊತೆ ಬಳೆ ತಯಾರಾಗಿವೆ. ನಿಮ್ಮ ಈಗಿನ ಓವರ್‌ಸಿಯರಿಗೆ ಅರ್ಜಿ ಬರೆದಿದ್ದೇನೆ, ಅದರ ಜೊತೆಗೆ ಇದನ್ನೂ ಇಡುತ್ತೇನೆ. ಒಂಬತ್ತನೆಯ ಸೂಚನೆಯನ್ನು ಹೊಡೆದುಹಾಕಿ. ಬಂದು ಕತ್ತಿನ ಅಳತೆ ಕೊಡಿ.

ಸಾಬರು ನಮಾಜಿಗೆ ಎದ್ದಾಗ ಮಾತ್ರ ನನ್ನ ಕೈಗೆ ಬಿಡುವು. ಇದನ್ನು ಬರೆದದ್ದೆಲ್ಲ ಆ ಬಿಡುವಿನಲ್ಲೇ, ಇಪ್ಪತ್ತಕ್ಕೂ ಹೆಚ್ಚು ದಿನ ಹಿಡಿಯಿತು. ಸಾಕು ಎಂದು ಅವರಿನ್ನೂ ಹೇಳಿಲ್ಲ. ಬಾಗಿಲಲ್ಲಿ ಅವರ ಕೆಮ್ಮು ಕೇಳುತ್ತಿದೆ, ಹಾಳೆ ಕೆಳಗಿಡಬೇಕು.